ಅಕ್ಕ ಕಿವಿಯಲ್ಲಿ ಹೇಳಿದ ಹೆಸರು

ಮೊನ್ನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು ಸಂಚಿ ಬಿಚ್ಚಿದಳು. ಅಂಗೈಯಲ್ಲಿ ತಂಬಾಕು ಹಾಕಿ, ಉಗುರಿನಿಂದ ಸುಣ್ಣ ಕೆರೆದು ಹಚ್ಚಿ, ಹೆಬ್ಬೆರಳಿನಿಂದ ತಿಕ್ಕತೊಡಗಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣಿಗೆ ನೀರು ಬಂತು. ಘಾಟಿಗೆ ಬಂದ ನೀರೆಂದು ತಿಳಿದು ಆಕೆ, "ಕಿಡಕಿ ತಗೀಲೇನ್ರೀ ಅಮ್ಮಾ?" ಎಂದಳು. ತೆಗೆ ಎಂದೆ. ತಿಕ್ಕಿದ್ದನ್ನು ಎಡದವಡೆಯ ಸಂದಿಗೆ ಒತ್ತಿಕೊಂಡು ಆಕೆ ಆರಾಮಾಗಿ ಹಿಂದಕ್ಕೆ ಒರಗಿದಳು. ಅಕ್ಕನೂ ಅಲ್ಲಿಯೇ ಒತ್ತಿಕೊಳ್ಳುತ್ತಿದ್ದಳು... ಅದೇ ಎಡಕ್ಕೆ. ಉಗುಳು ಮಗಳೇ ಎನ್ನಬೇಕೆನಿಸಿತು. ಹೇಳಿದರೆ ಕೇಳುತ್ತಾಳೆಯೇ? ಅಕ್ಕನೇನು ಕೇಳಿದವಳಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಕ್ಕ, ನನಗೆ ನಾದಿನಿ. ಆಗ ನಿಜಾಮರ ಆಳಿಕೆ. ನಮ್ಮ ಮನೆ ಮಸ್ಕಿಯಲ್ಲಿತ್ತು. ಆಕೆಯನ್ನು ಲಿಂಗಸುಗೂರಿಗೆ ಕೊಟ್ಟಿದ್ದರು, ಗಂಡ ಅಲ್ಲಿಯ ಕಚೇರಿಯಲ್ಲಿ ಜವಾನನಾಗಿದ್ದ. ಮಕ್ಕಳಾಗಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನನ್ನತ್ತೆ ಮಗಳ ಮುಖ ನೋಡಿಯೇ ಹೇಳುತ್ತಿದ್ದರು. ಅಕ್ಕನಿಗೆ ಎರಡೂ ಬಾರದ ವಿದ್ಯೆ. ಆಕೆ ತವರಿಗೆ ಬಂದ ಸುದ್ದಿಯನ್ನು ಯಾರೂ ಹೇಳಬೇಕಾಗಿರಲಿಲ್ಲ. ಗಾಡಿ ಓಣಿಗೆ ತಿರುಗುವ ಹೊತ್ತಿಗಾಗಲೇ ಗಾಡಿ ಹೊಡೆಯುವವನ ಸಂಗಡ ವಾದಕ್ಕೆ ಬಿದ್ದಿರುತ್ತಿದ್ದಳು.

ನಾನು ತಾಯಿಯಿಲ್ಲದ ಮಗಳು. ಅಪ್ಪ ಕಲಿಸಿದ ನಾಲ್ಕಕ್ಷರ ಬಿಟ್ಟರೆ ತವರಿನಿಂದ ತಂದದ್ದು ಹೆಚ್ಚೇನಿಲ್ಲ. ಅತ್ತೆ ಒಂದು ಮಾತು ಜಾಸ್ತಿ ಆಡಿದರೆ ಅಕ್ಕ ನಡುವೆ ಬಂದು, "ಯವ್ವಾ, ನೀ ಸೊಸಿ ಆಗಿದ್ದಾಗ ಏನೇನು ಹೊತ್ತಿಸಿ ಇಟ್ಟಿದ್ದಿ, ಹೇಳ್ಲೇನು?" ಎನ್ನುತ್ತಿದ್ದಳು. ಅತ್ತೆ ಸೆರಗು ಸರಿಮಾಡಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಆಕೆಯ ಬಾಯಿಯಿಂದಲೇ ನಾನು ಆ ಮನೆಯಲ್ಲಿ ಬದುಕಿಕೊಂಡೆ ಎಂದರೆ ಸುಳ್ಳಲ್ಲ.

ನನ್ನ ಮೊದಲ ಗಂಡುಕೂಸು ಹೆಸರಿಡುವ ಮೊದಲೇ ಹೋಯಿತು. ಹೆಸರಿಲ್ಲದ ಕೂಸನ್ನು ಏನೆಂದು ಕರೆದು ಅಳಬೇಕು? ಬಂದವರೆಲ್ಲ ದೇವರು ಕೊಟ್ಟಿದ್ದ, ದೇವರು ಒಯ್ದ ಎಂದು ಹೇಳಿ ಹೋದರು. ಅಕ್ಕ ಮಾತ್ರ ನನ್ನ ಪಕ್ಕದಲ್ಲೇ ಮಲಗಿ, "ಹೆಸರು ಹೇಳೂದು ನನ್ನ ಪಾಲಿಂದು ಉಳದೈತಿ. ನೀ ಇನ್ನೊಂದು ಹಡಿ. ನಾ ಹೇಳಾಕಿ, ನಾನ ಹೇಳ್ತೀನಿ" ಎಂದಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ತೊಟ್ಟಿಲ ಬಳಿ ಕೂತು, ಕಿವಿಗೆ ಬಾಯಿಟ್ಟು, ಕುರ್ರ್ ಎಂದು ಹೆಸರು ಹೇಳಬೇಕು. ಹೇಳುತ್ತಿದ್ದಂತೆ ಸುತ್ತ ಕೂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದುತ್ತಾರೋ ನನಗೆ ಗೊತ್ತಿಲ್ಲ. ಹಿಂದಿನಿಂದ ಗುದ್ದುತ್ತ ಬಂದಿದ್ದಾರೆ. ಹಳೆಯ ಸಿಟ್ಟನ್ನೆಲ್ಲ ಅದೊಂದೇ ಗಳಿಗೆಯಲ್ಲಿ ತೀರಿಸಿಕೊಳ್ಳುವ ಜಾಣೆಯರೂ ಇರುತ್ತಾರೆ.

ಗಂಡುಮಗುವಾದರೆ ನನ್ನ ಮಾವನ ಹೆಸರೆಂದು ಮೊದಲೇ ಗೊತ್ತಾಗಿತ್ತು. ನಾನು ಆ ಮನೆಗೆ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಗಂಡನ ಹೆಸರನ್ನು ಅತ್ತೆ ಹೇಳುವಂತಿಲ್ಲ, ಮಾವನ ಹೆಸರನ್ನು ನಾನು ಹೇಳುವಂತಿಲ್ಲ. ಇಲ್ಲಿ ಬರೆಯಲೂ ನನಗೆ ಕೈ ಏಳುತ್ತಿಲ್ಲ, ನಗುವವರು ನಗಲಿ. ಮನೆಯ ಹೆಂಗಸರಲ್ಲಿ ಆ ಹೆಸರು ಹೇಳಬಲ್ಲವಳು ಮಗಳಾದ ಅಕ್ಕ ಒಬ್ಬಳೇ. ಮೊದಲಿನಿಂದ ಕೊನೆಯತನಕ ತುಟಿಗೆ ತುಟಿ ತಾಗದೆ ಹೊರಡದ ಹೆಸರು ಅದು. ಹಾಗೆಂದು ಆಗ ಯಾರು ಯೋಚಿಸಿದ್ದರು?

ನನ್ನ ಮೊದಲ ಕೂಸು ಹೋದ ವರ್ಷವೇ ಅಕ್ಕನ ಎಡ ಒಸಡಿನಲ್ಲಿ ಹುಣ್ಣಾಯಿತು. ಹಲ್ಲು ಅಲುಗಾಡಿತು. ಹಲ್ಲಿಗೆ ಹುಳ ಬಿದ್ದಿದೆ ಎಂದರು. ಬಳಗಾನೂರಿನಲ್ಲಿ ಹಲ್ಲಿನ ಹುಳ ತೆಗೆಯುವ ಮುದುಕಿಯೊಬ್ಬಳಿದ್ದಳು. ಕೆಂಡದ ಮೇಲೆ ಬದನೆಬೀಜ ಉದುರಿಸಿ, ಕೊಳವೆಯಿಂದ ಅದರ ಹೊಗೆಯನ್ನು ಬಾಯೊಳಗೆ ಬಿಟ್ಟು, ಕೆಳಗೆ ಇಟ್ಟ ನೀರಿನ ಬಟ್ಟಲನ್ನು ತೋರಿಸುವಳು. ಬಟ್ಟಲಲ್ಲಿ ಬೆಳ್ಳಗೆ ಸಣ್ಣಗೆ ಏನೋ ತೇಲುತ್ತಿತ್ತು. ಹುಳ ಬಿದ್ದವೆಂದು ನಾವೆಲ್ಲ ಉಸಿರು ಬಿಟ್ಟೆವು. ನೋವಿಗೆ ಒಳ್ಳೆಯದೆಂದು ಅಕ್ಕ ತಂಬಾಕನ್ನು ಇನ್ನಷ್ಟು ಒತ್ತಿಕೊಂಡಳು. ಬೀಜದ ಒಳತಿರುಳನ್ನು ಹುಳವೆಂದು ನಂಬಿ ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯತನಕ ಕಾದ ಜನ ನಾವು.

ಕೊನೆಗೆ ಆಕೆಯ ಗಂಡ ಲಿಂಗಸುಗೂರಿನ ಹಕೀಮರಿಗೆ ತೋರಿಸಿದ. ಹಕೀಮರು ದೀಪ ಹಿಡಿದು ಬಾಯೊಳಗೆ ನೋಡಿದರಂತೆ. ಔಷಧ ಕೊಡಲಿಲ್ಲ. "ಇದು ಸರತಾನ್. ನನ್ನ ಕೈಯಾಗಿಂದಲ್ಲ. ಹೈದರಾಬಾದಿಗೆ ಒಯ್ರಿ, ಹಾದ್ಯಾಗ ಯಾರ ಮಾತೂ ಕೇಳಬ್ಯಾಡ್ರಿ" ಎಂದರಂತೆ. ಸರತಾನ್ ಎಂದರೆ ಈಗಿನವರು ಹೇಳುವ ಕ್ಯಾನ್ಸರ್. ಅಕ್ಕನ ಗಂಡ ಉರ್ದು ಬಲ್ಲವ, ಕಚೇರಿಯ ಮನುಷ್ಯ, ಹೆದರಲಿಲ್ಲ. ರಾಯಚೂರಿನಲ್ಲಿ ರೈಲು ಹತ್ತಿಸಿ ಒಯ್ದ. ಬದುಕಿ ಬರುವ ಮಾತನ್ನು ಇಲ್ಲಿ ಯಾರೂ ಆಡಲಿಲ್ಲ. ಅತ್ತೆ ಮಾತ್ರ ದಿನಾ ಮಗಳ ಪಾಲಿನದೊಂದು ರೊಟ್ಟಿ ತಟ್ಟಿ ತೆಗೆದಿಡುತ್ತಿದ್ದರು, ಸಂಜೆಗೆ ಅದನ್ನು ಎಮ್ಮೆಗೆ ಹಾಕುತ್ತಿದ್ದರು.

ಅಲ್ಲಿಯ ದವಾಖಾನೆಯಲ್ಲಿ ಒಬ್ಬ ಡಾಕ್ಟರ್ ಇದ್ದರಂತೆ. ಆಗಷ್ಟೇ ಮುಗಿದಿದ್ದ ಲಡಾಯಿಯಲ್ಲಿ ಗುಂಡು ತಗುಲಿದ ಸಿಪಾಯಿಗಳ ಮುಖ ಕೂಡಿಸಿ ಬಂದವರು. ಅವರು ಅಕ್ಕನ ಕೆಳದವಡೆಯ ಎಡಭಾಗವನ್ನು ಕೊಯ್ದು ತೆಗೆದರು. ಗಾಯ ಮಾಯಲು ಬಿಟ್ಟು, ಹುಣ್ಣು ತಿರುಗಿ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಕರೆಸಿ, ಸೊಂಟದ ಎಲುಬಿನ ಒಂದು ತುಂಡನ್ನು ಅಲ್ಲಿಗೆ ಕೂಡಿಸಿದರು. ಆ ಎರಡರ ನಡುವಿನ ದಿನಗಳಲ್ಲಿ ಒಮ್ಮೆ ಆಕೆಯನ್ನು ನೋಡಲು ಲಿಂಗಸುಗೂರಿಗೆ ಹೋಗಿದ್ದೆ... ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತಿರುಗಿದಾಗ ಕೆನ್ನೆಯ ಎಡಭಾಗ ಒಳಗೆ ಕುಸಿದಿತ್ತು, ಗದ್ದ ಒಂದು ಕಡೆ ಜಾರಿತ್ತು, ತುಟಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ಹೆದರಿದೆ. ಅಷ್ಟು ಮಾತಾಡುವವಳು ಒಂದು ಮಾತೂ ಆಡದೆ ನನ್ನನ್ನು ನೋಡುತ್ತಿದ್ದಳು. ಅದಕ್ಕೇ ಹೆಚ್ಚು ಹೆದರಿದೆ.

ಎರಡನೆಯ ಸಲ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚಿಟ್ಟಿದ್ದರಂತೆ, ಎಲುಬು ಕೂಡಿಕೊಳ್ಳಲಿ ಎಂದು. ತಂತಿ ಬಿಚ್ಚಿದ ಮೇಲೆ ಲಿಂಗಸುಗೂರಿನ ಮನೆಯಲ್ಲಿ ಮಾಡಿಹಾಕುವ ಹೆಂಗಸರಿಲ್ಲದ ಕಾರಣ ಗಂಡ ಆಕೆಯನ್ನು ಮಸ್ಕಿಗೆ ತಂದು ಬಿಟ್ಟ. ಸೊಂಟದ ಗಾಯಕ್ಕೆ ಕುಂಟುತ್ತ ಇಳಿದಳು. ಸೊಂಟದ ಎಲುಬು ಬಾಯಿಗೆ ಬಂದದ್ದನ್ನು ಓಣಿಯವರು ನಂಬಲಿಲ್ಲ. ಸೆರಗಿನೊಳಗೆ ಏನಿದೆಯೋ ನೋಡಬೇಕೆಂದು ಬಂದವರೇ ಬಹಳ. ಅಕ್ಕ ಸೆರಗಿನ ಅಂಚನ್ನು ಬಲಗಡೆಯ ಹಲ್ಲಿನಲ್ಲಿ ಕಚ್ಚಿ ಹಿಡಿಯುವುದನ್ನು ಕಲಿತಳು. ಕಣ್ಣೆರಡು ಬಿಟ್ಟು ಬೇರೇನೂ ಕಾಣದಂತೆ ಕೂತು ಅವರು ಹೋಗುವತನಕ ಅಲುಗಾಡುತ್ತಿರಲಿಲ್ಲ.

ಆಗ ನಾನು ಮತ್ತೆ ಬಸುರಿಯಾಗಿದ್ದೆ. ಮನೆಯಲ್ಲಿ ಇಬ್ಬರಿಗೂ ಅಂಬಲಿಯೇ. ನಾನು ವಾಂತಿಗೆ ಹೆದರಿ ಕುಡಿಯುತ್ತಿದ್ದೆ, ಆಕೆ ಬೇರೇನೂ ಇಳಿಯದೆ ಕುಡಿಯುತ್ತಿದ್ದಳು. ಕೆಳತುಟಿಯ ಎಡಭಾಗಕ್ಕೆ ಸ್ಪರ್ಶವೇ ಇರಲಿಲ್ಲ. ಅಂಬಲಿ ಗದ್ದದ ಮೇಲೆ ಹರಿದು ಕುಪ್ಪಸ ತೋಯ್ದಾಗಲೇ ಆಕೆಗೆ ಗೊತ್ತಾಗುತ್ತಿತ್ತು. ಬಾಯಿ ಬೆರಳಿನಷ್ಟು ಅಗಲ ಮಾತ್ರ ತೆರೆಯುತ್ತಿತ್ತು. ಡಾಕ್ಟರು ಒಂದು ಮರದ ಬೆಣೆ ಕೊಟ್ಟು ಕಳಿಸಿದ್ದರು. ಹಲ್ಲಿನ ನಡುವೆ ಅದನ್ನಿಟ್ಟು ದಿನಾ ಅಷ್ಟಷ್ಟೇ ಒಳಗೆ ನೂಕಬೇಕು. ಒಲೆಯ ಮುಂದೆ ಕೂತು ಬೆಣೆ ನೂಕುವಾಗ ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ನಾನು ನೋಡಲಾರದೆ ಎದ್ದರೆ ನನ್ನ ಸೀರೆ ಹಿಡಿದು ಕೂಡಿಸುತ್ತಿದ್ದಳು.

ಹೊಸ ದವಡೆ ಮೆಲ್ಲಗೆ ತನ್ನ ಕೆಲಸ ಕಲಿಯಿತು. ಮೊದಲು ಗಂಜಿ, ಆಮೇಲೆ ಹಿಸುಕಿದ ನುಚ್ಚು, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ನಡುಭಾಗ. ಅಂಚು ಮಾತ್ರ ಆಕೆಯಿಂದ ಆಗಲಿಲ್ಲ. ಒಂದು ದಿನ ನನ್ನ ಗಂಡನ ಕ್ಷೌರದ ಕನ್ನಡಿ ತಂದು ನನ್ನ ಕೈಗೆ ಕೊಟ್ಟು, ಸೆರಗು ತೆಗೆದು, "ಹೆಂಗ ಕಾಣ್ತೀನಿ, ಖರೇ ಹೇಳು" ಎಂದಳು. ಕೆನ್ನೆ ತುಂಬಿತ್ತು. ಗದ್ದ ನಡುವಿಗೆ ಬಂದಿತ್ತು, ಪೂರಾ ಅಲ್ಲ. ಕಿವಿಯ ಕೆಳಗಿನಿಂದ ಗಾಯದ ಗೆರೆ ಎದ್ದು ಕಾಣುತ್ತಿತ್ತು.

"ಬಲಗಡಿ ನಮ್ಮ ಅಕ್ಕ ಅದಾಳ" ಎಂದೆ. "ಎಡಗಡಿ, ನಮ್ಮ ಅಕ್ಕ ಯಾರ ಸಂಗಡನೋ ಜಗಳಾಡಿ ಬಂದಾಳ."

ಆಕೆ ನಕ್ಕಳು. ನಗು ಒಂದೇ ಕಡೆ ಬಂತು. ನಗುತ್ತಲೇ ಅತ್ತಳು, ನಾನೂ ಅತ್ತೆ.

ಮಾತೇ ಎಲ್ಲಕ್ಕಿಂತ ಹಿಂದೆ ಉಳಿಯಿತು. ಕ, ಗ ಎಂಬವು ಬರುತ್ತಿದ್ದವು. ತುಟಿ ಕೂಡಬೇಕಾದ ಕಡೆಯಲ್ಲೆಲ್ಲ ಬರೀ ಗಾಳಿ. ಅಮ್ಮ ಎನ್ನಲು ಬರುತ್ತಿರಲಿಲ್ಲ, ಅಪ್ಪ ಎನ್ನಲು ಬರುತ್ತಿರಲಿಲ್ಲ. ಆಡಿದ್ದು ಯಾರಿಗೂ ತಿಳಿಯದಿದ್ದಾಗ ಸುಮ್ಮನೆ ಕೈಬೀಸಿ ಬಿಡುತ್ತಿದ್ದಳು.

ಗಂಡುಕೂಸು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಹೆಸರಿಡುವ ದಿನ ಗೊತ್ತಾಯಿತು. ಅವತ್ತಿನಿಂದ ಮನೆಯಲ್ಲಿ ಎಲ್ಲರ ದನಿಯೂ ಸಣ್ಣದಾಯಿತು. ಹೆಸರು ಯಾರು ಹೇಳಬೇಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಹಿತ್ತಲಲ್ಲಿದ್ದಾಗ ಅತ್ತೆ ನನ್ನ ಬಾಣಂತಿಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ಮುಕ್ಕುಂದಕ್ಕ ಹೇಳಿ ಕಳಿಸೀನಿ" ಎಂದರು. ಮುಕ್ಕುಂದ ಎಂಬ ಊರಲ್ಲಿ ಮಾವನ ತಮ್ಮನ ಮಗಳಿದ್ದಳು. ಆಕೆಯೂ ಕೂಸಿಗೆ ಅತ್ತೆಯೇ ಆಗಬೇಕು. "ಆಕಿ ಬಂದು ಹೆಸರು ಹೇಳ್ತಾಳ."

"ಅಕ್ಕ ಇದ್ದಾರಲ್ರೀ ಅತ್ತಿ..."

"ಇದ್ದಾಳ. ಆಕಿ ಬಾಯಿ ನಿಲ್ತೈತೇನು? ಜೊಲ್ಲು ಕೂಸಿನ ಕಿವ್ಯಾಗ ಬಿತ್ತಂದ್ರ? ಅದು ಎಂಥಾ ಬ್ಯಾನಿ ಅಂತ ಯಾರಿಗೆ ಗೊತ್ತೈತಿ? ಒಂದು ಕೂಸು ಮಣ್ಣಿಗೆ ಕೊಟ್ಟೀವಿ." ಕೂಸಿನ ಹೊದಿಕೆ ಎಳೆದು ಮುಚ್ಚಿ, "ನೀ ಹೇಳು ಆಕಿಗೆ. ನಾ ಹಡದಾಕಿ, ನನ್ನ ಬಾಯಿಲೆ ಹೆಂಗ ಹೇಳ್ಲಿ?" ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹೊಡೆಯುವ ಕೈ ಮಾತ್ರ ಸೊಸೆಯದು. ನನಗೆ ಸಿಟ್ಟು ಬಂತು. ಆದರೆ ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಅಷ್ಟು ಸಣ್ಣ ಕಿವಿ. ಹಾಲು ಕುಡಿಸುವಾಗ ಅದನ್ನೇ ನೋಡುತ್ತಿದ್ದೆ. ಹಕೀಮರು ಹೆಸರಿಟ್ಟು ಹೇಳಿದ ರೋಗ, ಹೈದರಾಬಾದಿನವರು ಕೊಯ್ದು ಎಸೆದ ರೋಗ... ಅದು ಜೊಲ್ಲಿನಲ್ಲಿ ಬರುತ್ತದೆಯೋ ಇಲ್ಲವೋ ನಮಗಾರಿಗೂ ಗೊತ್ತಿರಲಿಲ್ಲ. ಕೇಳಲು ಹತ್ತಿರ ಡಾಕ್ಟರ್ ಎಂಬ ಪ್ರಾಣಿಯೂ ಇರಲಿಲ್ಲ.

ಮರುದಿನ ನಸುಕಿನಲ್ಲಿ ಹೇಳಿಬಿಡೋಣವೆಂದು ಎದ್ದೆ. ಅಕ್ಕ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಆ ದಿನಗಳಲ್ಲಿ ಹೊತ್ತು ಮೂಡುವ ಮುಂಚೆಯೇ ಬೀಸಲು ಕೂಡುತ್ತಿದ್ದಳು. ಮನೆಯ ಕೆಲಸಕ್ಕೆ ಆಗುತ್ತೇನೆಂದು ತೋರಿಸಲು ಹೀಗೆ ಮಾಡುತ್ತಾಳೆಂದು ನಾನು ತಿಳಿದಿದ್ದೆ. ಬಾಗಿಲ ಬಳಿ ನಿಂತೆ. ಕಲ್ಲಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿತು. ಎಡಗೈಯಿಂದ ಕಲ್ಲು ತಿರುಗಿಸುತ್ತ, ಬಲಗೈಯ ಎರಡು ಬೆರಳಿನಿಂದ ಸತ್ತ ತುಟಿಯನ್ನು ಮೇಲಕ್ಕೆ ಒತ್ತಿ ಹಿಡಿದು, ತನ್ನ ಅಪ್ಪನ ಹೆಸರು ಹೇಳುತ್ತಿದ್ದಳು. ಒಮ್ಮೆ ಗಾಳಿ ಬರುತ್ತಿತ್ತು, ಒಮ್ಮೆ ಅರ್ಧ ಬರುತ್ತಿತ್ತು. ಕಲ್ಲಿಗೆ ಕಾಳು ಹಾಕಿ ಮತ್ತೆ ಹೇಳುತ್ತಿದ್ದಳು. ಆಮೇಲೆ ಬೆರಳು ತೆಗೆದು ಹೇಳಿದಳು. ಬಂತು. ಗೊಗ್ಗರಾಗಿ ಬಂತು, ಆದರೆ ಅದೇ ಹೆಸರು. ಕಲ್ಲು ನಿಂತಿತು. ತಾನೇ ನಂಬದವಳ ಹಾಗೆ ಕತ್ತಲಲ್ಲಿ ಕೂತಿದ್ದಳು.

ನಾನು ಹೇಳಲಿಲ್ಲ. ಹಿಂದಕ್ಕೆ ಬಂದು ಕೂಸಿನ ಪಕ್ಕ ಮಲಗಿದೆ. ಹೇಳಿದೆಯಾ ಎಂದು ಅತ್ತೆ ಕಣ್ಣಿನಲ್ಲೇ ಕೇಳಿದಾಗ ಸೆರಗು ಎಳೆದುಕೊಂಡು ಮಗ್ಗುಲಾದೆ.

ಆ ದಿನ ಬಂತು. ಮುಕ್ಕುಂದದವಳು ಗಾಡಿಯಲ್ಲಿ ಬಂದಿಳಿದಳು, ಹಸಿರು ಇಳಕಲ್ ಸೀರೆ ಉಟ್ಟು, ಕೂಸಿಗೆ ಕುಲಾಯಿ ಹೊಲಿಸಿಕೊಂಡು. ಒಳ್ಳೆಯವಳು ಪಾಪ, ಕರೆದರು ಬಂದಳು. ಆಕೆಯನ್ನು ಕಂಡ ಕೂಡಲೇ ಅಕ್ಕನಿಗೆ ತಿಳಿಯಿತು. ಒಲೆಯ ಮೇಲೆ ಗುಗ್ಗರಿ ಕುದಿಯುತ್ತಿತ್ತು. ಅಕ್ಕ ಅದನ್ನು ತಿರುವುತ್ತ ಅಲ್ಲಿಯೇ ನಿಂತಳು. ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಬಂದು ಕೂತರು. ತೊಟ್ಟಿಲು ಕಟ್ಟಿದ್ದರು. ಅತ್ತೆ ಮುಕ್ಕುಂದದವಳನ್ನು ಕೈಹಿಡಿದು ತೊಟ್ಟಿಲ ಬಳಿ ಕೂಡಿಸಿದರು. ನನಗೆ, "ಕೂಸು ಕೊಡು" ಎಂದರು.

ನಾನು ಕೂಸನ್ನು ಎತ್ತಿಕೊಂಡು ನಿಂತೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಎದೆ ಹೊಡೆದುಕೊಳ್ಳುವುದು ಕೂಸಿಗೂ ಕೇಳಿಸಿತೇನೋ, ಮುಲುಗಿತು. ಅತ್ತೆಯ ಎದುರು ಅದುವರೆಗೆ ನಾನು ಬಾಯಿ ತೆರೆದವಳಲ್ಲ.

"ಅಕ್ಕಾ, ಬರ್ರೀ" ಎಂದು ಅಡಿಗೆಮನೆಯ ಕಡೆ ಕೂಗಿದೆ. "ನಿಮ್ಮ ಪಾಲಿಂದು ಉಳದೈತಿ."

ಅತ್ತೆಯ ಮುಖ ಬಿಳಿಚಿತು. ಅಕ್ಕ ಬಾಗಿಲಿಗೆ ಬಂದು ನಿಂತಳು, ಸೆರಗು ಹಲ್ಲಿನಲ್ಲಿತ್ತು. ಮುಕ್ಕುಂದದವಳು ಎಲ್ಲರ ಮುಖ ನೋಡಿ, ಏನು ತಿಳಿಯಿತೋ, ಸರಿದು ಜಾಗ ಬಿಟ್ಟಳು. ಅಕ್ಕ ಬಂದು ಕೂತಳು. ನಾನು ಕೂಸನ್ನು ಆಕೆಯ ತೊಡೆಯ ಮೇಲೆ ಇಟ್ಟೆ.

ಸೆರಗು ಹಲ್ಲಿನಲ್ಲಿದ್ದರೆ ಹೆಸರು ಹೇಳಲಾಗದು. ಆಕೆ ಸೆರಗು ಬಿಟ್ಟಳು. ಓಣಿಯವರು ಆಕೆಯ ಮುಖವನ್ನು ಆಗಲೇ ಮೊದಲು ನೋಡಿದ್ದು. ಹಿಂದೆ ಯಾರೋ ಶಿವಶಿವಾ ಎಂದರು. ಅಕ್ಕ ಅತ್ತ ತಿರುಗಲಿಲ್ಲ. ಬಟ್ಟೆಯ ತುಂಡಿನಿಂದ ತುಟಿ ಒರೆಸಿಕೊಂಡಳು. ಕೂಸಿನ ಕಿವಿಗೆ ಬಾಗಿದಳು. ಬಾಗುತ್ತಿದ್ದಂತೆ ತುಟಿಯ ಮೂಲೆಯಲ್ಲಿ ಒಂದು ಹನಿ ಕೂಡಿಕೊಂಡದ್ದು ನನಗೆ ಕಂಡಿತು. ಅತ್ತೆಗೂ ಕಂಡಿತು, ನನ್ನ ರಟ್ಟೆ ಹಿಡಿದರು. ಅಕ್ಕನಿಗೆ ಹೇಗೆ ಗೊತ್ತಾಯಿತೋ, ಆ ತುಟಿಗೆ ಸ್ಪರ್ಶವಿರಲಿಲ್ಲ... ಅರ್ಧಕ್ಕೆ ನಿಂತಳು, ಮತ್ತೆ ಒರೆಸಿಕೊಂಡಳು, ತಲೆಯನ್ನು ಬಲಕ್ಕೆ ವಾಲಿಸಿ, ಗಟ್ಟಿ ತುಟಿ ಕೆಳಗೆ ಬರುವಂತೆ ಮಾಡಿ ಮತ್ತೆ ಬಾಗಿದಳು.

"ಕುರ್ರ್" ಎಂದಳು. ಆಮೇಲೆ ಹೆಸರು ಹೇಳಿದಳು. ಪಡಸಾಲೆಯ ಕೊನೆಯಲ್ಲಿ ಕೂತವರಿಗೂ ಕೇಳಿಸಿತು.

ಗುದ್ದು ಬೀಳಲಿಲ್ಲ.

ಹೆಂಗಸರೆಲ್ಲ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗುದ್ದಿದರೆ ಕೂಡಿಸಿದ ಎಲುಬು ಕಳಚುತ್ತದೆಂದು ಹೆದರಿಕೆಯೋ, ಅಯ್ಯೋ ಪಾಪ ಎಂಬ ಕನಿಕರವೋ. ಅಕ್ಕ ಬಾಗಿದವಳು ಬಾಗಿಯೇ ಇದ್ದಳು, ಬೆನ್ನು ಕೊಟ್ಟುಕೊಂಡು. ಕೊನೆಗೆ ಆಕೆ ತಲೆ ಎತ್ತದೆಯೇ, ಗೊಗ್ಗರು ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಯಾಕ, ಕೈ ಸತ್ತಾವೇನು ನಿಮ್ಮೂ? ಯವ್ವಾ, ನೀನರ ಹೊಡಿ ಬೇ. ನಾ ಕೂಸಿನ ಅತ್ತಿ ಹೌದಿಲ್ಲೋ?"

ಅತ್ತೆ ನನ್ನ ರಟ್ಟೆ ಬಿಟ್ಟರು. ಮುಂದೆ ಹೋಗಿ ಮುಷ್ಟಿ ಕಟ್ಟಿ ಮಗಳ ಬೆನ್ನಿಗೆ ಗುದ್ದಿದರು. ದಬ್ ಎಂದಿತು. ಇನ್ನೊಂದು ಗುದ್ದಲು ಎತ್ತಿದ ಕೈ ಹಾಗೆಯೇ ಬೆನ್ನಿನ ಮೇಲೆ ಇಳಿದು ಅಲ್ಲಿಯೇ ನಿಂತಿತು, ಮುದುಕಿ ಬಿಕ್ಕಿ ಬಿಕ್ಕಿ ಅತ್ತರು. ಆಗ ಮುಕ್ಕುಂದದವಳು ಗುದ್ದಿದಳು, ಆಮೇಲೆ ಓಣಿಯವರೆಲ್ಲ ಮುಗಿಬಿದ್ದರು. ಬಾವಿಕಟ್ಟೆಯ ಹಳೆಯ ಬಾಕಿಗಳೆಲ್ಲ ಅವತ್ತು ತೀರಿದವು. ಅಕ್ಕ, "ಸಾಕ್ರೇ, ಸಾಯ್ತೀನಿ" ಎನ್ನುತ್ತ ನಗುತ್ತಿದ್ದಳು. ಸೆರಗು ಜಾರಿತ್ತು, ಯಾರೂ ಮುಖ ನೋಡುತ್ತಿರಲಿಲ್ಲ.

ಆ ದಿನದ ನಂತರ ಅಕ್ಕ ಮನೆಯೊಳಗೆ ಸೆರಗು ಕಚ್ಚಲಿಲ್ಲ. ಲಿಂಗಸುಗೂರಿಗೆ ಹೋದಳು, ಬಂದಳು, ಗಾಡಿಯವನ ಸಂಗಡ ಜಗಳಾಡಿದಳು. ಅರ್ಧ ಮಾತು ಅವನಿಗೆ ತಿಳಿಯುತ್ತಿರಲಿಲ್ಲ, ಆದರೂ ಸೋಲುತ್ತಿದ್ದ. ಓಣಿಯ ತುದಿಯಿಂದಲೇ ನನ್ನ ಮಗನ ಹೆಸರು ಹಿಡಿದು ಕೂಗುತ್ತ ಬರುತ್ತಿದ್ದಳು. ಅವನು ಎಲ್ಲಿದ್ದರೂ ಬಿದ್ದು ಎದ್ದು ಓಡುತ್ತಿದ್ದ. ಅವನಿಗೆ ಆಕೆಯ ಮುಖದಲ್ಲಿ ಏನೂ ಹೆಚ್ಚುಕಡಿಮೆ ಕಾಣಿಸಿರಲಿಲ್ಲ, ಅತ್ತೆಯರ ಮುಖ ಹಾಗೆಯೇ ಇರುತ್ತದೆಂದು ತಿಳಿದಿದ್ದನೇನೋ.

ನಿಜಾಮರ ಆಳಿಕೆ ಮುಗಿದು, ಆ ಗದ್ದಲವೆಲ್ಲ ತಣ್ಣಗಾದ ಮೇಲೆ, ಆಕೆಯ ಕುತ್ತಿಗೆಯಲ್ಲಿ ಗಂಟು ಬಂತು. ಈ ಸಲ ಹೈದರಾಬಾದಿನವರು ಕೊಯ್ಯಲು ಒಪ್ಪಲಿಲ್ಲ. ಮುಂದಿನದನ್ನು ಬರೆಯಲಾರೆ... ನನಗೆ ಮಗಳು ಹುಟ್ಟಿದಾಗ ಅಕ್ಕ ಇರಲಿಲ್ಲ. ಮುಕ್ಕುಂದದವಳೇ ಬಂದು ಹೆಸರು ಹೇಳಿದಳು. ಎಲ್ಲರೂ ಗುದ್ದಿದರು. ಅತ್ತೆ ಎದ್ದು ಹಿತ್ತಲಿಗೆ ಹೋದರು.

ಬಸ್ಸು ಮಸ್ಕಿ ದಾಟಿ ಲಿಂಗಸುಗೂರಿಗೆ ಬಂದಾಗ ನನ್ನನ್ನು ಕರೆದೊಯ್ಯಲು ಮಗ ನಿಂತಿದ್ದ. ಅವನೂ ಈಗ ಪೆನ್ಷನ್ ತಿನ್ನುವ ಮುದುಕ. ನಾನು ಇಳಿದದ್ದನ್ನು ಕಾಣದೆ ಬೇರೆ ಬಸ್ಸಿನ ಕಡೆ ನಡೆದ. ಕರೆಯಬೇಕಿತ್ತು. ಅದು ಮಾವನ ಹೆಸರು, ಹುಟ್ಟಿದಾಗಿನಿಂದ ಅವನನ್ನು ನಾನು ಹೆಸರು ಹಿಡಿದು ಕರೆದಿಲ್ಲ. ಅತ್ತೆ ಕರೆಯಲಿಲ್ಲ. ಅವನ ಹೆಂಡತಿ ಗಂಡನ ಹೆಸರು ಹೇಳುವವಳಲ್ಲ. "ಏ ಅಪ್ಪಾ" ಎಂದು ಕೂಗಿದೆ. ನಾಲ್ಕಾರು ಗಂಡಸರು ತಿರುಗಿ ನೋಡಿದರು, ಅವನು ನೋಡಲಿಲ್ಲ.

ಅಕ್ಕ ಇದ್ದಿದ್ದರೆ ಒಂದೇ ಕೂಗಿಗೆ ಬರುತ್ತಿದ್ದ. ಅಷ್ಟು ಜನರ ನಡುವೆ ನಿಂತು ನಾನೂ ಒಮ್ಮೆ ಪ್ರಯತ್ನ ಮಾಡಿದೆ. ತುಟಿಗಳೇನೋ ಕೂಡಿದವು, ದನಿ ಹೊರಡಲಿಲ್ಲ. ಚೀಲ ಕೆಳಗಿಟ್ಟು, ಅವನು ತಾನಾಗಿ ತಿರುಗುವತನಕ ಅಲ್ಲಿಯೇ ನಿಂತೆ.